ಮಲೆನಾಡಿನ ಹೆಬ್ಬಾಗಿಲು ಸೋಗಾನೆಯಲ್ಲಿಲ್ಲ

2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಪ್ರಧಾನಿ ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಅಂದು ಈ ಜಿಲ್ಲೆಯ ಮಾಜಿ ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಎಂಬತ್ತು ತುಂಬಿದ ದಿನ. ಸುಮಾರು 450 ಕೋಟಿ ರೂಪಾಯಿ ನುಂಗಿದ, 3,200 ಮೀಟರ್ ರನ್‌ವೇ ಇರುವ, ಬೆಂಗಳೂರು ಬಿಟ್ಟರೆ ರಾಜ್ಯದಲ್ಲೇ ಅತಿ ಉದ್ದದ್ದು ಎಂದು ಹೊಗಳಿಸಿಕೊಂಡ ಆ ನಿಲ್ದಾಣಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ಆರು ತಿಂಗಳು ಆ ರನ್‌ವೇ ಬೇಸಿಗೆಯಲ್ಲಿ ಕಾದು, ಮಳೆಗಾಲದಲ್ಲಿ ನೆನೆದು ಸುಮ್ಮನೆ ಬಿದ್ದಿತ್ತು. ವಿಮಾನ ಗೊತ್ತಾಗುವ ಮೊದಲೇ ಸಮಾರಂಭದ ದಿನ ಗೊತ್ತಾಗಿತ್ತು. ಈ ಯೋಜನೆ ಯಾರ ಅಗತ್ಯದಿಂದ ಹುಟ್ಟಿತು ಎಂದು ಕೇಳುವವರಿಗೆ ಇಷ್ಟು ಸಾಕು.

ಆದರೂ ‘ಮಲೆನಾಡಿನ ಹೆಬ್ಬಾಗಿಲು’ ಎಂಬ ಘೋಷಣೆ ನಿಂತಿಲ್ಲ. ಪಕ್ಷ ಯಾವುದೇ ಇರಲಿ, ಮೈಕು ಸಿಕ್ಕ ಕೂಡಲೇ ಅದೇ ಮಾತು: ವಿಮಾನ ಬಂತು, ಇನ್ನು ಜೋಗಕ್ಕೆ, ಆಗುಂಬೆಗೆ, ಸಕ್ರೆಬೈಲಿಗೆ ದೇಶ ವಿದೇಶದ ಪ್ರವಾಸಿಗರು ಬರುತ್ತಾರೆ, ಹುಡುಗರಿಗೆ ಕೆಲಸ ಸಿಗುತ್ತದೆ. ಹೋಟೆಲಿನವರು ತಲೆದೂಗುತ್ತಾರೆ. ಪತ್ರಿಕೆಗಳು ಜಲಪಾತದ ಪಕ್ಕದಲ್ಲಿ ವಿಮಾನದ ಚಿತ್ರ ಅಂಟಿಸಿ ಪುರವಣಿ ತರುತ್ತವೆ. ಚಿಕ್ಕಮಗಳೂರಿಗೊಂದು ಏರ್‌ಸ್ಟ್ರಿಪ್, ಕೊಡಗಿಗೊಂದು ಕಿರು ನಿಲ್ದಾಣ, ಅಂಕೋಲಾದ ಅಲಗೇರಿಯಲ್ಲಿ ಇನ್ನೊಂದು ಎಂದು ಪಟ್ಟಿ ಬೆಳೆಯುತ್ತಲೇ ಇದೆ.

ಮಲೆನಾಡಿನ ಮನೆಗಳಲ್ಲಿ ಹೆಬ್ಬಾಗಿಲು ದಾಟಿದರೆ ಅಂಗಳ ಸಿಗುತ್ತದೆ, ಅಂಗಳ ದಾಟಿದರೆ ಜಗಲಿ. ಸೋಗಾನೆಯ ಬಾಗಿಲು ದಾಟಿದವರಿಗೆ ಸಿಗುವುದು ಟ್ಯಾಕ್ಸಿ. ಅಲ್ಲಿಂದ ಜೋಗಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಆಗುಂಬೆಗೆ ಹೋಗಬೇಕಾದರೂ ತೀರ್ಥಹಳ್ಳಿ ದಾಟಿ ಗಂಟೆಗಟ್ಟಲೆ ಹಿಡಿಯುವ ಹಾದಿ. ನಿಲ್ದಾಣಕ್ಕೆ ಕುವೆಂಪು ಹೆಸರಿಟ್ಟಿದ್ದಾರೆ. ಕುಪ್ಪಳಿಯ ಕವಿಮನೆ ನೋಡಲು ಹೊರಟವರ ಪಾಡೂ ಇದೇ. ಬಾಗಿಲಿಗೂ ಮನೆಗೂ ನಡುವೆ ಒಂದು ಜಿಲ್ಲೆಯಷ್ಟು ಅಂತರವಿದ್ದರೆ ಅದನ್ನು ಹೆಬ್ಬಾಗಿಲು ಎಂದು ಕರೆಯುವುದು ಜನರಿಗೆ ಹೇಳುವ ಸುಳ್ಳು.

ಜೋಗಕ್ಕೆ ನಿಜವಾದ ಬಾಗಿಲು ಬಹಳ ಹಿಂದಿನಿಂದಲೂ ಇದೆ. ಅದರ ಹೆಸರು ತಾಳಗುಪ್ಪ. ಮೈಸೂರು ಅರಸರ ಕಾಲದಲ್ಲಿ ಹಾಕಿದ ಆ ಮೀಟರ್‌ಗೇಜ್ ಹಾದಿ ವರ್ಷಗಟ್ಟಲೆ ಒಂದು ರೈಲ್‌ಬಸ್ಸಿನ ಮೇಲೆ ಜೀವ ಹಿಡಿದುಕೊಂಡಿತ್ತು. ಊರವರು ಹೋರಾಡಿ, ಮನವಿ ಕೊಟ್ಟು ಸಾಕಾದ ಮೇಲೆ 2011ರ ಹೊತ್ತಿಗೆ ಬ್ರಾಡ್‌ಗೇಜ್ ಆಯಿತು. ಈಗ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ ಮಲಗಿದವರು ಬೆಳಿಗ್ಗೆ ತಾಳಗುಪ್ಪದಲ್ಲಿ ಕಣ್ಣು ಬಿಡುತ್ತಾರೆ. ಅಲ್ಲಿಂದ ಜೋಗ ಸುಮಾರು 16 ಕಿಲೋಮೀಟರ್. ವಿಮಾನ ಇಳಿಸುವ ಜಾಗಕ್ಕಿಂತ ರೈಲು ಇಳಿಸುವ ಜಾಗ ಜಲಪಾತಕ್ಕೆ ಆರು ಪಟ್ಟು ಹತ್ತಿರ. ಈ ಒಂದು ಸಂಗತಿ ಯಾವ ಪುರವಣಿಯಲ್ಲೂ ಎದ್ದು ಕಾಣುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ಹಾಕಬೇಕು. ಬೆಂಗಳೂರಿನ ಜಯನಗರದವರು ದೇವನಹಳ್ಳಿಯ ವಿಮಾನ ನಿಲ್ದಾಣ ತಲುಪಲು ಒಂದೂವರೆ ಗಂಟೆ, ಅಲ್ಲಿ ತಪಾಸಣೆಗೆ ಇನ್ನೊಂದು ಗಂಟೆ, ಹಾರಾಟಕ್ಕೆ ಒಂದು ಗಂಟೆ, ಸೋಗಾನೆಯಿಂದ ಜೋಗಕ್ಕೆ ಎರಡೂವರೆ ಗಂಟೆ. ಒಟ್ಟು ಆರು ಗಂಟೆ, ಅದೂ ಎಲ್ಲವೂ ಸುಸೂತ್ರವಾದರೆ. ಅಷ್ಟೇ ಹೊತ್ತಿನಲ್ಲಿ ಕಾರಿನವರು ಸಾಗರದ ಸಮೀಪ ಬಂದಿರುತ್ತಾರೆ. ಇಂಥ ದಾರಿಗಳಲ್ಲಿ ಹಾರುವ ಎಟಿಆರ್ ವಿಮಾನದಲ್ಲಿ ಇರುವುದು 78 ಸೀಟು. ಅಷ್ಟು ಜನ ರೈಲಿನ ಒಂದು ಸ್ಲೀಪರ್ ಬೋಗಿಯಲ್ಲಿ ಹಿಡಿಸುತ್ತಾರೆ. ಒಂದು ಬೋಗಿ ಹೆಚ್ಚಿಸಿದರೆ ಆಗುವ ಕೆಲಸಕ್ಕೆ 450 ಕೋಟಿ!

ಇನ್ನು ಮಳೆಗಾಲ. ಜೋಗ ಜೋಗವಾಗುವುದು ಜೂನ್ ಕಳೆದ ಮೇಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಂದಿನಿಂದ ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಕಪ್ಪು ಬಂಡೆ, ಅದರ ಮೇಲೆ ನಾಲ್ಕು ತೆಳು ಗೆರೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಆಳಕ್ಕೆ ಮೈತುಂಬಿ ಧುಮುಕುವುದು ಆಷಾಢ, ಶ್ರಾವಣದ ಮಳೆಯಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಆಗುಂಬೆಯೂ ಅಷ್ಟೆ, ಅದರ ಚೆಲುವು ಇರುವುದೇ ಮೋಡ ನೆಲಕ್ಕೆ ತಾಗುವ ತಿಂಗಳುಗಳಲ್ಲಿ. ವಿಮಾನಕ್ಕೆ ಆಗದಿರುವುದೂ ಅದೇ ಮೋಡ. ಸೋಗಾನೆಯ ನೆತ್ತಿಯವರೆಗೆ ಬಂದು, ಕೆಳಗೆ ನೆಲ ಕಾಣದೆ ವಿಮಾನ ಹಿಂದಿರುಗಿದ ದಿನಗಳಿವೆ. ಮೊದಲ ವರ್ಷಗಳಲ್ಲಿ ಅಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೂ ಇರಲಿಲ್ಲ. ಪ್ರವಾಸಿ ಬರಬೇಕಾದ ಕಾಲಕ್ಕೇ ಕೈಕೊಡುವ ನಿಲ್ದಾಣವನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಕಟ್ಟಿದವರು ಮಲೆನಾಡಿನ ಮಳೆಯನ್ನು ಒಂದು ವರ್ಷವಾದರೂ ನೋಡಿದ್ದರೇ?

ಇದು ಶಿವಮೊಗ್ಗ ಒಂದೇ ಊರಿನ ಕಥೆಯಲ್ಲ. ಸಣ್ಣ ಊರುಗಳಿಗೆ ವಿಮಾನ ಎಂಬ ಉಡಾನ್ ಯೋಜನೆಯ ಲೆಕ್ಕವನ್ನು ಮಹಾಲೇಖಪಾಲರೇ ತೆಗೆದು 2023ರ ವರದಿಯಲ್ಲಿ ಇಟ್ಟಿದ್ದಾರೆ. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ ಮಾರ್ಗಗಳು 774. ಅವುಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಸರ್ಕಾರದ ನೆರವು ಸಿಗುವ ಮೂರು ವರ್ಷದ ಅವಧಿ ಪೂರೈಸಿದ್ದು 112. ಅವಧಿ ಮುಗಿದು ನೆರವು ನಿಂತ ಮೇಲೂ, 2023ರ ಮಾರ್ಚ್ ಹೊತ್ತಿಗೆ ಉಳಿದುಕೊಂಡಿದ್ದು ಕೇವಲ 54.

774ರಲ್ಲಿ 54. ನೂರಕ್ಕೆ ಏಳು. ಹೊಸ ನಿಲ್ದಾಣದ ಮಾತೆತ್ತುವ ಪ್ರತಿಯೊಬ್ಬ ಸಚಿವರ ಮೇಜಿನ ಮೇಲೆ ಈ ಎರಡು ಅಂಕಿಗಳನ್ನು ಬರೆದಿಡಬೇಕು. ನೂರು ಬಾವಿ ತೋಡಿ ಏಳರಲ್ಲಿ ನೀರು ಕಂಡವರು ನೂರಾ ಒಂದನೆಯದಕ್ಕೆ ಹಾರೆ ಎತ್ತುವ ಮುನ್ನ ನೆಲ ಪರೀಕ್ಷಿಸುತ್ತಾರೆ. ಸರ್ಕಾರಗಳು ಪರೀಕ್ಷಿಸುವುದಿಲ್ಲ, ಏಕೆಂದರೆ ಹಾರೆ ಹಿಡಿಯುವುದು ಅವರಲ್ಲ, ದುಡ್ಡೂ ಅವರದಲ್ಲ.

ಸಿಕ್ಕಿಂನ ಪಾಕ್ಯೋಂಗ್ ನಿಲ್ದಾಣವನ್ನು ನೆನೆಯಬೇಕು. ಹಿಮಾಲಯದ ಮಡಿಲಿಗೆ ಬಾಗಿಲು ಎಂದೇ ಅದನ್ನೂ ಕಟ್ಟಿದ್ದು. ಬೆಟ್ಟ ಕಡಿದು, ಕಣಿವೆ ತುಂಬಿ, ಎತ್ತರದ ಗೋಡೆ ಎಬ್ಬಿಸಿ, 550 ಕೋಟಿಗೂ ಹೆಚ್ಚು ಖರ್ಚು ಮಾಡಿ 2018ರ ಸೆಪ್ಟೆಂಬರ್ 24ರಂದು ಉದ್ಘಾಟಿಸಿದರು. ಅಕ್ಟೋಬರಿನಲ್ಲಿ ವಿಮಾನ ಬಂತು, ಮರುವರ್ಷವೇ ನಿಂತಿತು. ಮಂಜು, ಮೋಡ, ಗಿಡ್ಡ ರನ್‌ವೇ. 2021ರಲ್ಲಿ ಮತ್ತೆ ಶುರುವಾಗಿ ಮತ್ತೆ ಅಡ್ಡಿಗೆ ಸಿಕ್ಕಿತು. ಗ್ಯಾಂಗ್ಟಾಕ್‌ಗೆ ಹೋಗುವವರು ಈಗಲೂ ಬಾಗ್‌ಡೋಗ್ರಾದಲ್ಲಿ ಇಳಿದು ತೀಸ್ತಾ ದಂಡೆಯ ರಸ್ತೆಯಲ್ಲೇ ಹೋಗುತ್ತಾರೆ. ಕೊಂಕಣ ಕರಾವಳಿಯ ಸಿಂಧುದುರ್ಗದಲ್ಲಿ 2021ರಲ್ಲಿ ಚಿಪಿ ನಿಲ್ದಾಣ ತೆರೆದರು. ಮೂರು ವರ್ಷದ ಅವಧಿ ತೀರುತ್ತಲೇ ಮುಂಬೈ ವಿಮಾನ ನಿಂತುಹೋಯಿತು. ನಮ್ಮ ಬೀದರ್‌ನಲ್ಲಿ 2023ರ ಕೊನೆಗೆ ನಿಂತ ವಿಮಾನ 2025ರ ಏಪ್ರಿಲ್‌ನಲ್ಲಿ ಮತ್ತೆ ಹಾರಿತು. ಹಾರಾಟದ ನಷ್ಟ ತುಂಬಿಕೊಡಲು ಕರ್ನಾಟಕ ಸರ್ಕಾರ ಖಜಾನೆಯ ಬಾಯಿ ತೆರೆಯಬೇಕಾಯಿತು. ಪ್ರಯಾಣಿಕರನ್ನು ಬಸ್ಸಿನಲ್ಲಿ ನಿಲ್ಲಿಸಿ ಕರೆದೊಯ್ಯುವ ಸಾರಿಗೆ ನಿಗಮಗಳು ಬಾಕಿ ಹಣಕ್ಕಾಗಿ ಅದೇ ಖಜಾನೆಯ ಬಾಗಿಲಲ್ಲಿ ಕಾಯುತ್ತಿವೆ.

ಮಲೆನಾಡಿನವರ ಎದೆಯಲ್ಲಿ ಉರಿ ಹೊತ್ತುವುದು ಇಲ್ಲೇ. ಲಿಂಗನಮಕ್ಕಿಯ ಹಿನ್ನೀರು ತುಮರಿ, ಕರೂರು ಸೀಮೆಯನ್ನು ದ್ವೀಪ ಮಾಡಿ ಅರವತ್ತು ವರ್ಷವಾಯಿತು. ನಾಡಿಗೆ ಬೆಳಕು ಕೊಡಲು ಊರು ಮುಳುಗಿಸಿಕೊಂಡ ಜನ ಸಾಗರದ ಆಸ್ಪತ್ರೆಗೆ ಹೋಗಲು ಲಾಂಚಿಗೆ ಕಾದರು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬೆಳಗಾಗುವುದನ್ನು ನೋಡುತ್ತ ಕೂರಬೇಕಿತ್ತು. ಅಂಬಾರಗೋಡ್ಲು, ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದ, ಸುಮಾರು 470 ಕೋಟಿ ಖರ್ಚು. ಅಂದರೆ ವಿಮಾನ ನಿಲ್ದಾಣಕ್ಕೂ ಸೇತುವೆಗೂ ಹೆಚ್ಚುಕಡಿಮೆ ಒಂದೇ ಹಣ. ನಿಲ್ದಾಣದ ಕೆಲಸ 2020ರಲ್ಲಿ ಮತ್ತೆ ಕೈಗೆತ್ತಿಕೊಂಡು ಮೂರು ವರ್ಷದೊಳಗೆ ಮುಗಿಸಲು ಬಂತು. ಸೇತುವೆಗೆ ಎರಡು ತಲೆಮಾರು ಕಾಯಬೇಕಾಯಿತು. ಮುಳುಗಡೆಯವರ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಬಗೆಹರಿದಿಲ್ಲ. ಅದರ ಕಡತಕ್ಕೆ ಯಾವ ಪ್ರಧಾನಿಯೂ ಹಸಿರು ನಿಶಾನೆ ತೋರಿಸಲು ಬರುವುದಿಲ್ಲ.

ಮಳೆಗಾಲದಲ್ಲಿ ಕಾಲುಸಂಕ ದಾಟುವಾಗ ಜಾರಿ ಶಾಲೆಯ ಮಕ್ಕಳು ಹಳ್ಳದ ಪಾಲಾದ ಸುದ್ದಿ ಈ ಸೀಮೆಗೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಈಗಲೂ ಬೇಸಿಗೆ ಬಂತೆಂದರೆ ಕಾಡಂಚಿನ ಮನೆಗಳು ಹೆದರುತ್ತವೆ. ಮಲೆನಾಡಿಗೆ ಬರುವವರ ಅನುಕೂಲಕ್ಕೆ ನೂರಾರು ಕೋಟಿ, ಮಲೆನಾಡಿನಲ್ಲೇ ಇರುವವರಿಗೆ ಮಾತ್ರ ಮುಂದಿನ ಬಜೆಟ್. ಈ ಮಾತನ್ನು ಅಭಿವೃದ್ಧಿ ವಿರೋಧ ಎಂದು ತಳ್ಳಿಹಾಕುವವರು ಒಂದು ಆಷಾಢದಲ್ಲಿ ಸಂಕದ ಮೇಲೆ ಮಗುವಿನ ಕೈಹಿಡಿದು ನಡೆದು ನೋಡಲಿ.

ಕಾಡಿನ ಪಾಡಂತೂ ಹೇಳತೀರದು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಕರ್ನಾಟಕದವು ಹತ್ತು. ಆಗುಂಬೆ, ಸೋಮೇಶ್ವರ, ಕುದುರೆಮುಖ ಅದರಲ್ಲಿವೆ. ಆ ಮಾನ್ಯತೆ ಬೇಡವೆಂದು ಹಟ ಹಿಡಿದದ್ದು ಅಂದಿನ ರಾಜ್ಯ ಸರ್ಕಾರ. ಕಾಯುವ ಮಾತು ಬಂದಾಗ ಪರಂಪರೆ ಹೊರೆಯಾಗುತ್ತದೆ, ಮಾರುವ ಮಾತು ಬಂದಾಗ ಹೆಮ್ಮೆಯಾಗುತ್ತದೆ. ಇದಕ್ಕೆ ಪಕ್ಷಭೇದವಿಲ್ಲ. ಇತ್ತ ನೀಲಗಿರಿ, ಕೊಡೈಕೆನಾಲ್‌ಗಳು ವಾಹನಗಳ ಹೊರೆ ತಾಳಲಾರದೆ ಏದುಸಿರು ಬಿಟ್ಟಾಗ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದು 2024ರ ಮೇ ತಿಂಗಳಿನಿಂದ ಇ-ಪಾಸ್ ಕಡ್ಡಾಯ ಮಾಡಿಸಿತು. ಮುಳ್ಳಯ್ಯನಗಿರಿಯ ಕಿರುದಾರಿಯಲ್ಲಿ ಕಾರುಗಳ ಸಾಲು ಕದಲದಾದಾಗ ಚಿಕ್ಕಮಗಳೂರು ಜಿಲ್ಲಾಡಳಿತವೂ ವಾಹನಗಳಿಗೆ ಮಿತಿ ಹಾಕಿ ಆನ್‌ಲೈನ್ ನೋಂದಣಿ ತಂದಿತು. ಬಂದವರನ್ನು ತಡೆಯಲು ಒಂದು ಇಲಾಖೆ ಗೇಟು ಹಾಕುತ್ತಿರುವ ಜಿಲ್ಲೆಯಲ್ಲೇ ಇನ್ನಷ್ಟು ಜನರನ್ನು ತರಲು ಇನ್ನೊಂದು ಇಲಾಖೆ ಏರ್‌ಸ್ಟ್ರಿಪ್‌ಗೆ ಜಾಗ ಅಳೆಯುತ್ತಿದೆ.

ವಿಮಾನ ಬೇಡವೇ ಬೇಡ ಎಂದು ಯಾರೂ ಹೇಳುತ್ತಿಲ್ಲ. ಸೋಗಾನೆ ಕಟ್ಟಿಯಾಗಿದೆ, ಅದನ್ನು ಅಗೆದು ಹಾಕಲಾಗದು. ಶಿವಮೊಗ್ಗದ ವ್ಯಾಪಾರಿಗೆ, ತುರ್ತು ಚಿಕಿತ್ಸೆಗೆ ಹೊರಟವರಿಗೆ, ದೂರದೂರಿನಲ್ಲಿ ದುಡಿಯುವ ಮಕ್ಕಳಿಗೆ ಅದು ಉಪಯೋಗವಾಗಲಿ. ಆದರೆ ಜೋಗದ ಹೆಸರು, ಆಗುಂಬೆಯ ಹೆಸರು ಹೇಳಿ ಇನ್ನೊಂದು ಗುಂಟೆ ಜಾಗ ಅಳೆಯಬಾರದು. ತಾಳಗುಪ್ಪದಿಂದ ಹೊನ್ನಾವರಕ್ಕೆ ರೈಲು ಎಂಬ ಹಳೆಯ ಬೇಡಿಕೆಯೂ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡನ್ನು ಸೀಳದೆ ಆಗುವಂಥದ್ದಲ್ಲ, ಅದೂ ಬೇಡ. ಬೇಕಿರುವುದು ಸಣ್ಣದು. ತಾಳಗುಪ್ಪಕ್ಕೆ ರೈಲು ಬಂದ ಹೊತ್ತಿಗೆ ನಿಲ್ದಾಣದ ಎದುರು ಜೋಗದ ಬೋರ್ಡ್ ಹಾಕಿಕೊಂಡ ಸರ್ಕಾರಿ ಬಸ್ಸು ನಿಂತಿರಬೇಕು. ಸಂಜೆಯ ರೈಲಿಗೆ ಅದೇ ಬಸ್ಸು ಮರಳಿ ಬರಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗೆ ಮಳೆಗಾಲದಲ್ಲೂ ತಪ್ಪದೆ ಬಸ್ಸು ಓಡಬೇಕು. ಅದಕ್ಕೆ 450 ಕೋಟಿ ಬೇಡ.

ಅಂಕೋಲಾದ ಅಲಗೇರಿಯವರ ಮಾತನ್ನೂ ಒಮ್ಮೆ ಕೇಳಬೇಕು. ಸೀಬರ್ಡ್ ನೌಕಾನೆಲೆಗೆ ಒಮ್ಮೆ ನೆಲ ಬಿಟ್ಟುಕೊಟ್ಟ ಸೀಮೆಯದು. ಅದೇ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು, ಹೆದ್ದಾರಿಯ ಮೇಲಿದ್ದ ಜನರನ್ನು ಗಂಗಾವಳಿ ನದಿಗೆ ತಳ್ಳಿತು. ಈಗ ವಿಮಾನಕ್ಕಾಗಿ ಅಲಗೇರಿಯಲ್ಲಿ ಮತ್ತೆ ಜಮೀನು ಕೇಳುತ್ತಿದ್ದಾರೆ. ಅದಕ್ಕೆ ಸಹಿ ಹಾಕುವ ಮೊದಲು ಸಚಿವರು ಊರಿನ ಶಾಲೆಯ ಅಂಗಳದಲ್ಲಿ ಸಭೆ ಕರೆದು, 774ರಲ್ಲಿ 54 ಎಂಬ ಲೆಕ್ಕವನ್ನು ಕನ್ನಡದಲ್ಲೇ ಓದಿ ಹೇಳಲಿ, ನಾಲ್ಕನೆಯ ವರ್ಷ ವಿಮಾನ ಬಾರದಿದ್ದರೆ ಆ ನೆಲ ಯಾರದು ಎಂದು ಬರೆದುಕೊಡಲಿ.