ಬೋರ್ಡಿಗೆ ಬಣ್ಣ ಬಳಿದಿರಿ, ಹಲಗೆಯ ಮೇಲೆ ಲೆಕ್ಕ ಬರೆಯುವವರು ಯಾರು?

ಕನ್ನಡದ ಯುವ ಗೆಳೆಯರೇ,

1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಹೀಗೆ ಹೋರಾಡಿ ಉಳಿಸಿಕೊಂಡ ನೆಲದಲ್ಲಿ ಕನ್ನಡ ಶಾಲೆಯ ಮಗು ಕಳೆಯುವ ಲೆಕ್ಕಕ್ಕೇ ಎಡವಿ ಬಿದ್ದರೆ, ನಾವು ಉಳಿಸಿಕೊಂಡದ್ದೇನು? ಬರೀ ನಕ್ಷೆಯೇ?

ಬಳ್ಳಾರಿ ನಗರದಲ್ಲಿ ದುಡ್ಡಿದ್ದವರ ಮಗುವಿಗೆ ಟ್ಯೂಷನ್ ಮೇಷ್ಟ್ರು ಮನೆಗೇ ಬರುತ್ತಾರೆ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಾಟಿಗೆ ಹೋಗುವ ತಾಯಿಯ ಮಗುವಿಗೆ? ಕುರುಗೋಡಿನ ಕೂಲಿಯ ಮಗಳಿಗೆ? ಜೀನ್ಸ್ ಹೊಲಿಯುವ ನಮ್ಮ ನಗರದ ದರ್ಜಿಯ ಮಗನಿಗೆ? ಅವರಿಗೆ ಸಿಗುವುದು ತುಂಬಿದ ತರಗತಿ, ಮುಗಿಯಲೇಬೇಕಾದ ಪಾಠ, ಕೊನೆಗೆ ‘ದಡ್ಡ’ ಎಂಬ ಬಿರುದು.

ದಡ್ಡನೇ? ನೋಡೋಣ. ಎಂಟನೇ ತರಗತಿಯ ಹುಡುಗ 52ರಲ್ಲಿ 27 ಕಳೆದು 35 ಎಂದು ಬರೆದ ಎನ್ನಿ. ಅವನು ಕುರುಡಾಗಿ ಬರೆದಿಲ್ಲ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3 ಎಂದು ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ. ದಶಕ ಬಿಡಿಸಿ ಬಿಡಿಯಾಗಿಸುವುದನ್ನು ಅವನಿಗೆ ಯಾರೂ ಪಕ್ಕದಲ್ಲಿ ಕೂತು ತೋರಿಸಿಲ್ಲ, ಅಷ್ಟೇ. ಮೂರನೇ ತರಗತಿಯ ಈ ಒಂದು ಗಂಟು ಬಿಚ್ಚದೆ ಅವನ ಮುಂದೆ ಬೀಜಗಣಿತ ಸುರಿದರೆ ಏನು ಫಲ?

ಇನ್ನೊಬ್ಬಳು 3/4ಕ್ಕೆ 1/2 ಕೂಡಿಸಿ 4/6 ಎನ್ನುತ್ತಾಳೆ. ಅವಳನ್ನೇ ಸಂತೆಯಲ್ಲಿ ಕೇಳಿ: ಮುಕ್ಕಾಲು ಕಿಲೋ, ಅರ್ಧ ಕಿಲೋ ಸೇರಿದರೆ ಎಷ್ಟವ್ವಾ? ಥಟ್ಟನೆ ‘ಒಂದೂಕಾಲು’ ಎಂದಾಳು! ಲೆಕ್ಕ ಅವಳ ಕನ್ನಡದಲ್ಲೇ ಇದೆ. ಅದನ್ನು ಹಾಳೆಗೆ ಇಳಿಸಲು ಪಕ್ಕದಲ್ಲೊಬ್ಬರು ಬೇಕು.

ಇದು ಬರೀ ಭಾವುಕ ಮಾತಲ್ಲ. ಒಬ್ಬೊಬ್ಬರಿಗೇ ಪಾಠ ಹೇಳಿಕೊಟ್ಟಾಗ ಸರಾಸರಿ ವಿದ್ಯಾರ್ಥಿಯೂ ಸಾಮಾನ್ಯ ತರಗತಿಯ ನೂರಕ್ಕೆ 98 ಮಂದಿಯನ್ನು ಮೀರಿಸಿದನೆಂದು ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಲಾಭ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಆದರೆ ಲಾಭವಂತೂ ಇದೆ. ಅಷ್ಟು ದೂರವೇಕೆ? 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಮ್ಮ ‘ನಲಿ-ಕಲಿ’ಯ ಜೀವಾಳವೂ ಇದೇ: ಪ್ರತಿ ಮಗು ತನ್ನ ಮೆಟ್ಟಿಲಿನಿಂದ, ತನ್ನ ವೇಗದಲ್ಲಿ ಏರಬೇಕು. ಆದರೆ ಅದು ಮೂರನೇ ತರಗತಿಗೇ ನಿಲ್ಲುತ್ತದೆ. ಆಮೇಲೆ?

ಆಮೇಲೆ ನೀವು! ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಒಂದೇ ಮಗು. ಅದು ಯಾವ ತರಗತಿ ಎಂದು ಕೇಳಬೇಡಿ, ಎಲ್ಲಿ ನಿಂತಿದೆ ಎಂದು ನೋಡಿ. ಕಳೆಯುವುದು ಬಾರದಿದ್ದರೆ ಕಡ್ಡಿ ಕಟ್ಟುಗಳಿಂದ ಆರಂಭಿಸಿ. ಶೇಕಡ ತಿಳಿಯದಿದ್ದರೆ ಊರಿನ ಬಡ್ಡಿ ಹಿಡಿಯಿರಿ: ನೂರಕ್ಕೆ ತಿಂಗಳಿಗೆ 2 ರೂಪಾಯಿ ಎಂದರೆ ವರ್ಷಕ್ಕೆ ಶೇಕಡ 24. ವಿಸ್ತೀರ್ಣಕ್ಕೆ ಎಕರೆ-ಗುಂಟೆ ಇದೆ. ಚುರುಕಾದ ಮಗುವನ್ನೂ ಮರೆಯಬೇಡಿ. ಬಂದದ್ದನ್ನೇ ಮತ್ತೆ ಮಾಡಿಸಿದರೆ ಅದೂ ಬಾಡುತ್ತದೆ. ಅದಕ್ಕೆ ಪುಸ್ತಕದಾಚೆಯ ಲೆಕ್ಕ ಕೊಡಿ. ಉತ್ತರ ತಪ್ಪಾದಾಗ ಬೈಯಬೇಡಿ, ‘ಹೇಗೆ ಮಾಡಿದೆ?’ ಎಂದು ಕೇಳಿ.

ಗಣಿತಕ್ಕೆ ಕನ್ನಡ ಸಾಲದು ಎನ್ನುವವರಿಗೆ ಹೇಳಿ: ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದ. 2021ರಿಂದ ಜೆಇಇ ಮೇನ್ ಪ್ರಶ್ನೆಗಳೂ ಕನ್ನಡದಲ್ಲಿ ಸಿಗುತ್ತಿವೆ. ಪ್ರಶ್ನೆ ಬಂತು, ಉತ್ತರಿಸುವ ಮಕ್ಕಳನ್ನು ಅಣಿ ಮಾಡುವವರು ಬೇಕಲ್ಲವೇ? ‘ಛೇದ’ದ ಜೊತೆಗೇ ‘ಡಿನಾಮಿನೇಟರ್’ ಎಂದೂ ಹೇಳಿಕೊಡಿ. ಮುಂದೆ ಪಿಯು ಕಾಲೇಜಿನಲ್ಲಿ ಮಗು ಬೆದರಬಾರದು. ಮನೆಯಲ್ಲಿ ತೆಲುಗು, ಉರ್ದು ಆಡುವ ಮಗುವೂ ನಮ್ಮ ಶಾಲೆಯಲ್ಲಿದ್ದರೆ ನಮ್ಮ ಮಗುವೇ.

ಮಾಸ್ತರರನ್ನು ನೇಮಿಸುವುದು ಸರ್ಕಾರದ ಹೊಣೆ. ಅದನ್ನು ಕೇಳುವುದನ್ನು ನಾವು ಬಿಡುವುದಿಲ್ಲ. ಆದರೆ ಸರ್ಕಾರ ಕಣ್ಣು ಬಿಡುವವರೆಗೆ ಮಗುವಿನ ವಯಸ್ಸು ನಿಲ್ಲುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಲೆಕ್ಕ ಬಲ್ಲವನಿಗೆ ಮೋಸವಿಲ್ಲ ಎಂದೂ ಸೇರಿಸಿಕೊಳ್ಳಿ. ಬಾವುಟ ಹಿಡಿದ ಕೈಗೆ ಈ ವಾರ ಒಂದು ಬಳಪವೂ ಬರಲಿ!