ಮದುವೆ ಮನೆಯ ಬಂದೂಕು

ಮದುವೆ, ಹಬ್ಬಗಳಲ್ಲಿ ಬಂದೂಕು ಹಾರಿಸಿ ಮೆರೆಯುವ ಉತ್ತರ ಭಾರತದ ಚಾಳಿಯನ್ನು ಸಂಪ್ರದಾಯವೆಂದು ನಾವು ಕರೆಯಲಾರೆವು. ಅದು ಉಳ್ಳವರ ದರ್ಪ. ಕುಡಿದವನ ಕೈಯಲ್ಲಿ ನಳಿಗೆ ಆಕಾಶದ ಕಡೆಗೇ ನಿಂತೀತೆ? 2016ರ ಡಿಸೆಂಬರಿನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮದುವೆಯೊಂದರಲ್ಲಿ ವೇದಿಕೆಯ ಮೇಲೆ ಕುಣಿಯುತ್ತಿದ್ದ ತರುಣಿ ಗುಂಡಿಗೆ ಬಲಿಯಾದಳು. ಆಕೆ ಬೀಗರ ಪೈಕಿಯವಳಲ್ಲ, ಹೊಟ್ಟೆಪಾಡಿಗೆ ಕುಣಿಯಬಂದವಳು.

ನೇರ ಮೇಲಕ್ಕೇ ಹಾರಿಸಿದರೂ ಗುಂಡು ಅಲ್ಲೇ ಕರಗಿಹೋಗುವುದಿಲ್ಲ. ಗಾಳಿಯ ತಡೆಯಿಂದ ವೇಗ ಕುಗ್ಗಿದರೂ ಕೆಳಗಿದ್ದವರ ತಲೆಬುರುಡೆಯನ್ನು ಭೇದಿಸಬಲ್ಲುದು. ಓರೆಯಾಗಿ ಹಾರಿದ್ದು ಇನ್ನೂ ಭಯಂಕರ. ಪೋರ್ಟೊರಿಕೋ ದ್ವೀಪದಲ್ಲಿ 2003ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಸಂಭ್ರಮದ ಗುಂಡುಗಳು 19 ಮಂದಿಗೆ ತಾಗಿದವು. ಅವರಲ್ಲಿ ಒಬ್ಬರ ಪ್ರಾಣ ಹೋಯಿತು.

ನಮ್ಮಲ್ಲಿ 2019ರಲ್ಲಿ ಶಸ್ತ್ರಾಸ್ತ್ರ ಕಾಯಿದೆಗೆ ತಿದ್ದುಪಡಿಯಾಗಿ, ಯಾರಿಗೂ ತಾಗದಿದ್ದರೂ ಜನರ ಜೀವಕ್ಕೆ ಅಪಾಯ ತರುವಂತೆ ಸಂಭ್ರಮದ ಗುಂಡು ಹಾರಿಸುವುದು ಅಪರಾಧವೆನಿಸಿತು. ಸಂತೋಷ. ಆದರೆ ಶಿಕ್ಷೆ? ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಈ ‘ಇಲ್ಲವೆ’ಗೆ ನಮ್ಮ ವಿರೋಧವಿದೆ. ಮದುವೆಗೆ ಹತ್ತಾರು ಲಕ್ಷ ಸುರಿಯುವವನಿಗೆ ದಂಡದ ಹಣ ಚಪ್ಪರದ ಲೆಕ್ಕದಲ್ಲಿ ಸೇರಿಹೋಗುತ್ತದೆ. ಸೆರೆವಾಸ ಕಡ್ಡಾಯವಾಗಲಿ, ಬಂದೂಕಿನ ಲೈಸೆನ್ಸು ಅಂದೇ ರದ್ದಾಗಲಿ.