ದಂಟಿಗೆ ಬೆಂಕಿ, ಯೂರಿಯಾಕ್ಕೆ ಸಾಲ



ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮೆಕ್ಕೆಜೋಳದ ತೆನೆ ಕಣಕ್ಕೆ ಬಂದ ಮೇಲೆ, ಹೊಲದಲ್ಲುಳಿದ ದಂಟಿಗೆ ಬೆಂಕಿಯಿಡುವುದು ಅನೇಕ ಕಡೆ ವಾಡಿಕೆಯಾಗಿಬಿಟ್ಟಿದೆ. "ಹೊಲ ಹಸನಾಗುತ್ತದೆ, ಬೂದಿಯೂ ಗೊಬ್ಬರವಲ್ಲವೇ?" ಎಂಬುದು ಇದರ ಸಮರ್ಥನೆ. ಈ ಮಾತನ್ನು ನಾನು ಒಪ್ಪಲಾರೆ. ಬೂದಿಯಲ್ಲಿ ಪೊಟ್ಯಾಷ್ ಉಳಿದೀತು. ಇಂಗಾಲ, ಸಾರಜನಕಗಳ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಮುಂಗಾರಿನಲ್ಲಿ ಅದೇ ಸಾರಜನಕಕ್ಕಾಗಿ ಸಾಲ ಮಾಡಿ ಯೂರಿಯಾ ತರುತ್ತೇವೆ. ಇದಾವ ಜಾಣತನ?

ದಂಟನ್ನು ಮಣ್ಣಿಗೆ ಸೇರಿಸಿದರೆ ಸಾಕು, ಯೂರಿಯಾವನ್ನು ಮುಟ್ಟಲೇಬಾರದು ಎನ್ನುವವರೂ ಇದ್ದಾರೆ. ಅವರ ಕಳಕಳಿ ಗೌರವಾರ್ಹ. ಲೆಕ್ಕ ಮಾತ್ರ ತಪ್ಪು. ಒಂದು ಟನ್ ಒಣದಂಟಿನಲ್ಲಿ ಇಂಗಾಲ ಸುಮಾರು 400 ಕಿಲೋ, ಸಾರಜನಕ ಸುಮಾರು 7 ಕಿಲೋ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ 24 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಎಂದರೆ 400 ಕಿಲೋಗೆ ಸುಮಾರು 17 ಕಿಲೋ. ಉಳಿದ 10 ಕಿಲೋವನ್ನು ಅವು ಮಣ್ಣಿನಿಂದಲೇ ಕಸಿಯುತ್ತವೆ. ಆಗ ಎಳೆಯ ಪೈರು ಹಳದಿಯಾಗುತ್ತದೆ. ರೈತ ದಂಟನ್ನೇ ಶಪಿಸಿ, ಮರುವರ್ಷ ಮತ್ತೆ ಬೆಂಕಿಕಡ್ಡಿ ಹುಡುಕುತ್ತಾನೆ.

ಆದುದರಿಂದ ಎರಡೂ ಜೊತೆಯಾಗಿ ಬೇಕು. ಬಿತ್ತನೆಗೆ ಸಾಕಷ್ಟು ಮೊದಲೇ, ಮಣ್ಣಿನಲ್ಲಿ ತೇವವಿರುವಾಗ, ದಂಟನ್ನು ಕತ್ತರಿಸಿ ಸೇರಿಸಬೇಕು. ಬೆಳೆಗೆ ಕೊಡಬೇಕಾದ ಯೂರಿಯಾದಲ್ಲೇ ಒಂದು ಭಾಗವನ್ನು ಅದರೊಡನೆ ಕೊಡಬೇಕು. ಅದು ನಷ್ಟವಲ್ಲ. ಸೂಕ್ಷ್ಮಜೀವಿಗಳು ಸತ್ತಾಗ ಆ ಸಾರಜನಕ ನಿಧಾನವಾಗಿ ಬೆಳೆಗೇ ಮರಳುತ್ತದೆ. ವರ್ಷವರ್ಷಕ್ಕೆ ಹೆಚ್ಚುವ ಸಾವಯವ ಅಂಶ ಮಳೆ ಕೈಕೊಟ್ಟ ದಿನಗಳಲ್ಲಿ ತೇವ ಹಿಡಿದಿಡುತ್ತದೆ. ಇಳುವರಿ ಏರುವುದು ಹೀಗೆ. ದಂಟನ್ನು ದನಗಳಿಗೆ ಹಾಕುವವರಿಗೆ ನನ್ನ ಆಕ್ಷೇಪವಿಲ್ಲ. ಸಗಣಿಗೊಬ್ಬರ ಅದೇ ಹೊಲಕ್ಕೆ ಮರಳಿದರೆ ಭೂಮಿಯ ಋಣ ತೀರಿತು.

ಆದರೆ ಬೆಂಕಿಯಿಟ್ಟವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಊರಿನ ಹೊಲವನ್ನು ಒಂದು ವರ್ಷದ ಲಾವಣಿಗೆ ಕೊಟ್ಟು ನಗರದಲ್ಲಿ ನೆಲೆಸಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಮುಂದಿನ ವರ್ಷ ತನ್ನದಾಗಿರುವುದೋ ಇಲ್ಲವೋ ತಿಳಿಯದ ಹೊಲದ ಮಣ್ಣನ್ನು ಲಾವಣಿದಾರನೇಕೆ ಪೋಷಿಸಬೇಕು? ದಂಟು ಕತ್ತರಿಸುವ ಕೂಲಿಯನ್ನು, ಟ್ರ್ಯಾಕ್ಟರ್ ಬಾಡಿಗೆಯನ್ನು ಅವನೊಬ್ಬನೇ ಏಕೆ ಹೊರಬೇಕು? ಐದು ವರ್ಷಗಳ ಭರವಸೆ ಕೊಡಿರಿ, ಖರ್ಚಿನಲ್ಲಿ ಅರ್ಧ ವಹಿಸಿಕೊಳ್ಳಿರಿ, ಆಮೇಲೆ ಬೆಂಕಿಯಿಡಬಾರದೆಂದು ಕರಾರು ಮಾಡಿರಿ. ಲಾವಣಿಯ ಹಣವನ್ನು ಮಾತ್ರ ಎಣಿಸಿಕೊಂಡು ಮಣ್ಣು ಬರಡಾಯಿತೆಂದು ಮರುಗುವ ಹಕ್ಕು ನಮಗಿಲ್ಲ.